ಇನ್ನೂ ಸ್ವಲ್ಪ ಊದಿ

ನವೆಂಬರ್ ೧೨, ಬುಧವಾರ

ಜನ ದೊಡ್ಡಾಸ್ಪತ್ರೆಗೆ ಅಲೆಯುವುದು ತಪ್ಪಲಿ ಎಂದು ಶ್ವಾಸಕೋಶ ಪರೀಕ್ಷೆಯ ಯಂತ್ರವನ್ನು ನಮ್ಮ ಪುಟ್ಟ ಕ್ಲಿನಿಕ್ಕಿಗೇ ತರಿಸಿದೆ. ಅಂದಿನಿಂದ ಒಂದೇ ತಲೆಬಿಸಿ. ಕೊಳವೆಗೆ ಊದಿದವರೆಲ್ಲರ ಶ್ವಾಸಕೋಶವೂ ಕೆಟ್ಟಿದೆ ಎನ್ನುತ್ತದೆ ಅದು. ಊರಿಗೆ ಊರೇ ಹೀಗಿರಲು ಸಾಧ್ಯವೇ?

ಇವತ್ತು ಬಸ್ ಡ್ರೈವರ್ ಊದುತ್ತಿದ್ದ. "ಇನ್ನೂ ಸ್ವಲ್ಪ ಊದಿ" ಎಂದೆ, ಎಂದಿನಂತೆ ಮೆಲ್ಲಗೆ. ಬಾಗಿಲಲ್ಲಿದ್ದ ಅವನ ಹೆಂಡತಿಗೆ ತಡೆಯಲಾಗಲಿಲ್ಲ.

"ಊದ್ರೀ! ನಿಲ್ಲಿಸ್ಬೇಡಿ! ನನ್ ಮೇಲೆ ರೇಗೋವಾಗ ಈ ಉಸಿರೆಲ್ಲ ಎಲ್ಲಿಂದ ಬರುತ್ತೆ?"

ಅವನು ಮುಖ ಕೆಂಪಾಗುವಷ್ಟು ಊದಿದ. ಪರದೆಯ ಮೇಲಿನ ಗೆರೆ ಸರ್ರನೆ ಏರಿತು. ಆಸಾಮಿ ಗುಂಡುಕಲ್ಲಿನ ಹಾಗಿದ್ದಾನೆ! ಎಡವಟ್ಟು ಯಂತ್ರದ್ದಲ್ಲ, ನನ್ನ ಸಂಕೋಚದ್ದು. ನನ್ನ ಮೆಲುದನಿಯೇ ಇನ್ನೆಷ್ಟು ಜನರನ್ನು ರೋಗಿಗಳನ್ನಾಗಿ ಮಾಡಿದೆಯೋ?

ತಡೆಯಲಾರದೆ, ಕಳೆದ ವಾರ ಊದಿಹೋಗಿದ್ದ ದರ್ಜಿಯನ್ನು ಮಧ್ಯಾಹ್ನವೇ ಮತ್ತೆ ಕರೆಸಿದೆ. ನಾಚಿಕೆ ಬಿಟ್ಟು, ಗಂಟಲು ಹರಿಯುವಂತೆ "ಊದಿ, ಊದಿ, ಊದಿ!" ಎಂದು ಕೂಗಿದೆ. ಹೊರಗೆ ಕೂತವರೆಲ್ಲ ನಕ್ಕರು. ದರ್ಜಿಯೂ ನಕ್ಕು, ಮೈಯೆಲ್ಲ ಬಾಗಿಸಿ ಮೂರು ಸಲ ಊದಿದ. ಗೆರೆ ಕಳೆದ ವಾರ ನಿಂತಲ್ಲೇ, ತೀರಾ ಕೆಳಗೇ ನಿಂತಿತು.

"ಈ ಸಲ ಚೆನ್ನಾಗಿ ಊದಿದ್ನಾ ಡಾಕ್ಟ್ರೇ?"

"ತುಂಬಾ ಚೆನ್ನಾಗಿ ಊದಿದ್ರಿ" ಎಂದೆ. ದನಿ ತಾನಾಗಿಯೇ ಮೆಲ್ಲಗಾಗಿತ್ತು.