ಮೂಗಿನ ಮೇಲಿನ ಮೆಣಸಿನ ಗಿಡ

14-9-1957, ಶನಿವಾರ. ಚಂದ್ರಗುತ್ತಿ

ಬೆಳಗಿನ ಸ್ಕೂಲು. ಹಾಜರಿ ಇಪ್ಪತ್ತಮೂರು. ಮೂರನೇ ಕ್ಲಾಸಿಗೆ ಭಾಗಾಕಾರ. ಶೇಷ ಅಂದರೆ ಇನ್ನೂ ಹೆದರುತ್ತಾರೆ. ‘ಉಳಿದದ್ದು ಎಲ್ಲಿಗೆ ಹೋಗ್ತದೆ ಅಕ್ಕೋರೆ?’ ಅಂತ ಒಬ್ಬಳು ಕೇಳಿದಳು. ಪಕ್ಕದಲ್ಲಿ ಬರೆದಿಡು, ಅಂದೆ. ನನಗೇ ಗೊತ್ತಿದ್ದರೆ ತಾನೆ.

ಹನ್ನೊಂದಕ್ಕೆ ಗಂಟೆ ಹೊಡೆಸಿ ಸೀರೆ ಬದಲಿಸಿದೆ. ಗುಡ್ಡಮ್ಮ ಬಾಗಿಲಲ್ಲಿ. ಸ್ಕೂಲಿನ ಕಸ, ನೀರು ಎಲ್ಲಾ ಅವಳದೇ. ನನ್ನ ಬೆಟ್ಟದ ವನವಾಸಕ್ಕೆ ಜೊತೆಯೂ ಅವಳೇ.

“ಮತ್ತೆ ಮೀಟಿಂಗಾ? ಎಷ್ಟನೇದು?”

“ಒಂಬತ್ತು.”

“ಒಂಬತ್ತು ತಿಂಗಳಿಗೆ ಕೂಸೇ ಹುಟ್ತದೆ ಮಾರಾಯ್ರೆ. ನಿಮ್ಮ ಮೀಟಿಂಗಿಗೆ ಎಂತದೂ ಹುಟ್ಲಿಲ್ಲ.”

ಗಾಡಿಯಲ್ಲಿ ಸೊರಬದ ತನಕ ನಗುತ್ತಾ ಹೋದೆ. ಆಮೇಲೆ ನಗು ನಿಂತಿತು. ನಿಜ ಅಲ್ಲವೇ. ನಮ್ಮ ಮೇಷ್ಟರ ಸಂಘದವರು ಶಾಲೆ ನಡೆಸುವ ವಿದ್ಯಾ ಸಮಿತಿಯ ಮುಂದೆ ಇಟ್ಟದ್ದು ಹನ್ನೊಂದು ಕಲಮಿನ ಬೇಡಿಕೆ. ಉಳಿದ ಹತ್ತನ್ನು ಕಾಗದ ನೋಡಿ ಓದುತ್ತೇನೆ. ಆರನೇದು ಬಾಯಿಪಾಠ — ‘ಬೆಟ್ಟದ ಮೇಲಿನ ಶಾಲೆಗಳಲ್ಲಿ ಮೂರು ವರ್ಷ ಸೇವೆ ಮಾಡಿದವರನ್ನು ಅವರು ಕೇಳಿದ ಊರಿಗೆ ವರ್ಗ ಮಾಡತಕ್ಕದ್ದು.’

ನನಗೆ ಐದು ತುಂಬಿತು.

15-9-1957, ಭಾನುವಾರ. ಶಿಕಾರಿಪುರ

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಮಂಗಳಿ ಜಗಲಿಯಲ್ಲಿ ಕವಡೆ ಆಡುತ್ತಿದ್ದಳು. ನನ್ನನ್ನು ಕಂಡು ಒಳಗೆ ಓಡಿ ಕೂಗಿದಳು:

“ಅಜ್ಜೀ, ಅಕ್ಕೋರು ಬಂದರು!”

ಅತ್ತೆ ಗದರಿದರು. “ಅವ್ವ ಅನ್ನೇ ಹುಚ್ಚೀ. ನಿಮ್ಮವ್ವ ಆಕಿ.”

ಮಂಗಳಿ ಕಂಬ ಹಿಡಿದು ನನ್ನನ್ನೇ ನೋಡಿದಳು. ಇನ್‌ಸ್ಪೆಕ್ಟರು ಬಂದಾಗ ನನ್ನ ಮಕ್ಕಳು ನೋಡುವ ಹಾಗೆ.

ಅವಳ ತಪ್ಪೇನು. ಎರಡು ವರ್ಷದ ಕೂಸಿಗೆ ಚಂದ್ರಗುತ್ತಿಯಲ್ಲಿ ಬಿಟ್ಟೂ ಬಿಡದೆ ಚಳಿಜ್ವರ. ಅವರಪ್ಪ ತೀರಿಹೋಗಿ ಆಗ ಆರು ತಿಂಗಳು. ಇದನ್ನೂ ಕಳೆದುಕೊಳ್ಳುತ್ತೀರಿ, ಬಯಲಿಗೆ ಕಳಿಸಿ ಅಂದರು ಡಾಕ್ಟರು. ಅತ್ತೆ ಬಂದು ಎತ್ತಿಕೊಂಡು ಹೋದರು. ನಾಲ್ಕು ವರ್ಷ ಆಯಿತು. ಎಲ್ಲರೂ ನನ್ನನ್ನು ಕರೆಯುವುದೇ ಅಕ್ಕೋರೆ ಅಂತ. ಅವಳೂ ಕರೆದಳು.

ಇವತ್ತಿನ ಮೀಟಿಂಗು ಸಮಿತಿಯ ಅಧ್ಯಕ್ಷ ಸದಾಶಿವಪ್ಪನವರ ಮಂಡಿಯ ಅಟ್ಟದಲ್ಲಿ. ಒಗ್ಗರಣೆ ಮಂಡಕ್ಕಿ, ಕಾಫಿ. ಅವರು ಜಗಳ ಆಡುವವರಲ್ಲ. ಆಡಿದ್ದರೆ ಚೆನ್ನಾಗಿತ್ತು.

“ತಿನ್ರಿ ಅಕ್ಕೋರೆ, ಬಿಸಿ ಐತಿ. ಆರನೇದು ಮುಂದಿನ ಸಲ ನೋಡೋಣಂತೆ.”

ನಮ್ಮ ಸಂಘದ ಅಧ್ಯಕ್ಷರು ಶಾಂತವೀರಪ್ಪ ಮಾಸ್ತರು. ನಲವತ್ತೆರಡರ ಚಳವಳಿಯ ಈಸೂರಿನವರು, ಸುಮ್ಮನೆ ಎದ್ದು ಬರುವ ಪೈಕಿಯಲ್ಲ. ಮಂಡಕ್ಕಿ ಮುಟ್ಟಲಿಲ್ಲ. ಸೊರಬದ ಹೂವಪ್ಪ ಮಾಸ್ತರು ಎರಡು ತಟ್ಟೆ ಮುಗಿಸಿ, “ನಿಮ್ಮ ಪಾಲಿಂದೂ ತಿಂದು ಬಂದೆ ಮಾರಾಯ್ರೆ, ಹೋರಾಟಕ್ಕೆ ಶಕ್ತಿ ಬೇಕಲ” ಅಂದರು.

ಆರನೇದು ಮುಂದಕ್ಕೆ ಹೋಯಿತು.

6-10-1957, ಭಾನುವಾರ

ದಸರಾ ರಜ ಮುಗಿಯಿತು. ಹದಿನಾಲ್ಕು ದಿನ! ಮೊದಲ ಮೂರು ದಿನ ಮಂಗಳಿ ಹತ್ತಿರ ಬರಲಿಲ್ಲ. ನಾಲ್ಕನೇ ಸಂಜೆ ಉಪಾಯ ಮಾಡಿದೆ. ಅವಳಿಗೆ ಕೇಳಲಿ ಅಂತ ಬೆಕ್ಕಿಗೆ ಕಥೆ ಹೇಳಿದೆ.

ಒಬ್ಬ ರಾಜ. ಅವನ ಮೂಗಿನ ತುದಿಯಲ್ಲಿ ಒಂದು ಮೆಣಸಿನ ಗಿಡ ಹುಟ್ಟಿತು. ಸೀನಿದರೆ ಸಾಕು, ಕಾಯಿ ಉದುರುವುದು. ರಾಣಿ ಆರಿಸಿ ಸಾರು ಮಾಡುವಳು. ಸಾರಿನ ಘಾಟಿಗೆ ರಾಜ ಮತ್ತೆ ಸೀನುವನು…

ಬೆಕ್ಕು ಎದ್ದು ಹೋಯಿತು. ಬಾಗಿಲ ಹಿಂದಿನಿಂದ ಸಣ್ಣ ದನಿ — “ಹೂಂ.”

ಉಡುತಡಿಯ ನಮ್ಮಜ್ಜಿ ಹೇಳುತ್ತಿದ್ದಳು, ಹೂಂಗುಟ್ಟುವವರಿಲ್ಲದೆ ಕಥೆ ಹೇಳಬಾರದು ಕಣೇ, ಗಾಳಿ ಎತ್ತಿಕೊಂಡು ಹೋಗುತ್ತೆ. ಅಜ್ಜಿಯ ಬಾಯಲ್ಲಿ ನೂರಾರು ಕಥೆ ಕೇಳಿದ್ದೇನೆ. ಒಂದು ಹೂಂ ಇಷ್ಟು ತೂಕ ಇರುತ್ತದೆ ಅಂತ ತಿಳಿದಿರಲಿಲ್ಲ.

ಆಮೇಲೆ ದಿನಾ ಸಂಜೆ. ರಾಜನನ್ನು ಊರೂರು ತಿರುಗಿಸಿದೆ. ಹತ್ತು ದಿನಕ್ಕೆ ನನ್ನ ತೊಡೆಯವರೆಗೂ ಬಂದಳು. ಹೊರಡುವಾಗ ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದೆ. ಮಾಟಗಾತಿ ಕತ್ತರಿ ಹಿಡಿದು ಗಿಡದ ಬುಡಕ್ಕೆ ಕೈ ಹಾಕಿದ್ದಾಳೆ, ರಾಜ ಕಣ್ಣು ಮುಚ್ಚಿದ್ದಾನೆ — ಅಲ್ಲಿಗೆ.

“ಕತ್ತರಿಸಿದ್ಲಾ?”

“ಮುಂದಿನ ಸಲ ಹೇಳ್ತೀನಿ.”

“ಈಗ್ಲೇ.”

“ಆರನೇ ಕಲಮು ಆಗಲಿ, ದಿನಾ ಹೇಳ್ತೀನಿ.”

ಕೂಸಿಗೆ ಏನು ತಿಳಿದೀತು. ಬಸ್ಸಿನ ಹಿಂದೆ ಎರಡು ಹೆಜ್ಜೆ ಓಡಿದಳು.

17-11-1957, ಭಾನುವಾರ. ಶಿಕಾರಿಪುರ

ಹನ್ನೊಂದನೇ ಮೀಟಿಂಗು. ಎಂಟು ಕಲಮು ಒಪ್ಪಿಗೆ. ಆರನೇದು ಇಲ್ಲ.

ಮಂಗಳಿ ಊರಲ್ಲಿರಲಿಲ್ಲ. ಅತ್ತೆಯ ತಂಗಿ ಕರೆದುಕೊಂಡು ಹೋಗಿದ್ದರಂತೆ. ಮನಸ್ಸು ಖಾಲಿ ಚೀಲ.

ಊಟ ಆದಮೇಲೆ ಅತ್ತೆ ಸೆರಗಿನಿಂದ ಒಂದು ಲಕೋಟೆ ತೆಗೆದರು. ಸದಾಶಿವಪ್ಪನವರು ಆಳಿನ ಕೈಲಿ ಕಳಿಸಿದ್ದು. ಎರಡು ಕಾಗದ. ಒಂದು ಆರ್ಡರು — ಡಿಸೆಂಬರ್ ಒಂದರಿಂದ ಶ್ರೀಮತಿ ರಾಜೇಶ್ವರಮ್ಮನವರಿಗೆ ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಗೆ ವರ್ಗ. ಇನ್ನೊಂದು ನಾನು ಸಹಿ ಮಾಡಬೇಕಾದ್ದು — ಸಂಘದ ಕಮಿಟಿಗೆ ರಾಜೀನಾಮೆ, ಆರನೇ ಕಲಮಿನ ಬೇಡಿಕೆ ವಾಪಸು.

“ಸಹಿ ಮಾಡವಾ” ಅಂದರು ಅತ್ತೆ. “ನಂಗೂ ವಯಸ್ಸಾತು. ಮಂಗಳಿ ರಾತ್ರಿ ಕೇಳ್ತಾಳ, ಮಾಟಗಾತಿ ಕತ್ತರಿಸಿದ್ಲಾ ಅಜ್ಜಿ ಅಂತ. ನಂಗೇನ್ ಗೊತ್ತು ಯಾವ ಮಾಟಗಾತಿ?”

19-11-1957

ಲಕೋಟೆ ಹಾಜರಿ ರಿಜಿಸ್ಟರಿನೊಳಗೆ ಇದೆ. ಈ ದಿನ ಎರಡು ಸಲ ಹಾಜರಿ ಕರೆದೆ. ಮಕ್ಕಳು ನಕ್ಕರು.

22-11-1957

ಬೆಟ್ಟದ ಶಾಲೆಗಳಲ್ಲಿ ನನ್ನಂಥವರು ಇನ್ನೂ ಆರು ಜನ. ಬೇಡಿಕೆಗೆ ಅವರ ಸಹಿ ಹಾಕಿಸಿದ್ದು ನಾನೇ, ಮನೆಮನೆಗೆ ಹೋಗಿ. ‘ಒಬ್ಬೊಬ್ಬರೇ ಕೇಳಿದರೆ ಭಿಕ್ಷೆ, ಒಟ್ಟಿಗೆ ಕೇಳಿದರೆ ಹಕ್ಕು’ ಅಂತ ಭಾಷಣ ಬೇರೆ ಮಾಡಿದ್ದೆ. ನಿರ್ಮಲಮ್ಮ ಎಂಬಾಕೆ ಹಿಟ್ಟಿನ ಕೈ ಒರೆಸಿಕೊಂಡು ಬಂದು ಸಹಿ ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕಾಗದದ ಮೇಲೆ ಅವಳ ಹೆಬ್ಬೆರಳಿನ ಹಿಟ್ಟಿನ ಗುರುತು.

ಭಾಷಣ ಮಾಡದೆ ಇದ್ದಿದ್ದರೆ…

ಗುಡ್ಡಮ್ಮ ಕೇಳಿದಳು, “ಎಂತ ಅಕ್ಕೋರೆ, ಮುಖ ಹುಳಿ ಮಜ್ಜಿಗೆ ಆಗಿದೆ?”

ಎಲ್ಲಾ ಹೇಳಿದೆ. ಅವಳು ಪೊರಕೆ ಗೋಡೆಗೆ ಒರಗಿಸಿದಳು.

“ನಾನಾದ್ರೆ ಸಹಿ ಮಾಡ್ತಿದ್ದೆ. ನಿಮ್ಮ ಕೈಲಿ ಆಗೂದಿಲ್ಲ. ನಂಗೆ ಗೊತ್ತುಂಟು.”

24-11-1957

ಲಕೋಟೆ ವಾಪಸು ಕಳಿಸಿದೆ. ಎರಡು ಕಾಗದವೂ, ಸಹಿ ಇಲ್ಲದೆ. ಸಂಘದಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ದೊಡ್ಡವಳಾಗುತ್ತೇನೆ. ಆಗಬೇಕಾದ್ದು ಅದಲ್ಲ.

ಡಿಸೆಂಬರ್ ಒಂದು ಬರುತ್ತದೆ, ಹೋಗುತ್ತದೆ.

15-1-1958. ಶಿಕಾರಿಪುರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ಡಿಸೆಂಬರಿನಲ್ಲಿ ಅತ್ತೆ ಬರಬೇಡ ಅಂತಲೇ ಹೇಳಿ ಕಳಿಸಿದ್ದರು. ಅವರ ಸಿಟ್ಟು ಅವರಿಗೆ.

ಸಂಕ್ರಾಂತಿಗೆ ಬಂದೆ. ಅತ್ತೆ ಬಡಿಸಿದರು. ಎಳ್ಳುಬೆಲ್ಲ ಕೊಟ್ಟು ಮಂಗಳಿಯನ್ನು ಕರೆದೆ.

“ಬಾ, ರಾಜನ ಕಥೆ ಮುಂದಕ್ಕೆ ಹೇಳ್ತೀನಿ. ಮಾಟಗಾತಿ ಕತ್ತರಿ ಹಿಡಿದಿದ್ಲಲ್ಲ—”

“ಆ ಕಥೆ ಮುಗೀತು.”

“ಯಾರು ಮುಗಿಸಿದ್ರು?”

“ಅಜ್ಜಿ. ರಾಜ ಸತ್ತ.”

ಎಳ್ಳಿನಿಂದ ಕೊಬ್ಬರಿ ಚೂರು ಮಾತ್ರ ಆರಿಸಿ ಬಾಯಿಗೆ ಹಾಕಿಕೊಂಡು ಹೋದಳು.

ಅತ್ತೆ ಒಳಗಿನಿಂದ ಹೇಳಿದರು, ನನಗಲ್ಲ, ಒಲೆಗೆ — “ದಿನಾ ಕಣ್ಣೀರು ಹಾಕ್ಕೊಂಡು ಮಲಗತಿತ್ತು ಕೂಸು. ನಾನೇನ್ ಮಾಡ್ಲಿ. ಸಾಯಿಸಿಬಿಟ್ಟೆ.”

ಸಿಟ್ಟು ಬರಲಿಲ್ಲ. ನಾನು ಇಲ್ಲದ ಸಂಜೆಗಳಲ್ಲಿ ಇದ್ದವರು ಅವರು.

23-2-1958, ಭಾನುವಾರ. ಸೊರಬ

ಆಯಿತು. ಕರಾರು ಆಯಿತು.

ಹದಿಮೂರನೇ ಮೀಟಿಂಗು, ಸೊರಬದ ಶಾಲೆಯ ದೊಡ್ಡ ಕೋಣೆ. ಹತ್ತೂ ಕಲಮು ಒಪ್ಪಿಗೆ, ಉಳಿದದ್ದು ಆರನೇದು. ಮಧ್ಯಾಹ್ನ ಎರಡಾಯಿತು. ಸದಾಶಿವಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಲ್ರೀ ಮಾಸ್ತರೆ, ಬೆಟ್ಟದಿಂದ ಇಳಿಯೋರ ಪಟ್ಟಿ ತಂದೀರಿ. ಏಳು ಜನ. ಹತ್ತೋರ ಪಟ್ಟಿ ಎಲ್ಲೈತಿ? ಅಲ್ಲಿನ ಮಕ್ಕಳಿಗೆ ಪಾಠ ಯಾರು ಹೇಳ್ತೀರಿ, ಮಂಗ್ಯಾ? ಒಂದು ಹೆಸರು ಕೊಡ್ರಿ. ತಾನಾಗೇ ಹೋಗ್ತೀನಿ ಅನ್ನೋ ಒಬ್ಬ. ಇವತ್ತೇ ಸಹಿ ಹಾಕ್ತೀನಿ.”

ಆ ಮಾತು ಸುಳ್ಳಲ್ಲ. ನನ್ನ ಇಪ್ಪತ್ತಮೂರು ಮಕ್ಕಳು ಸಾಲಾಗಿ ಕಣ್ಣ ಮುಂದೆ ಬಂದರು, ಶೇಷ ಎಲ್ಲಿಗೆ ಹೋಗುತ್ತೆ ಅಂದವಳೂ.

ಕೋಣೆಯಲ್ಲಿ ಮೂವತ್ತು ಜನ ಮೇಷ್ಟರು. ಹೂವಪ್ಪ ಮಾಸ್ತರು ಗೋಡೆಯ ಭೂಪಟವನ್ನು ಇವತ್ತೇ ಮೊದಲು ಕಂಡವರ ಹಾಗೆ ನೋಡುತ್ತಿದ್ದರು.

ಎದ್ದುಬಿಟ್ಟೆ. ಏನು ಹೇಳಬೇಕೆಂದು ಎಣಿಸಿರಲಿಲ್ಲ.

“ನವೆಂಬರಿನಲ್ಲಿ ನನ್ನೊಬ್ಬಳಿಗೆ ವರ್ಗದ ಆರ್ಡರು ಬಂದಿತ್ತು. ಆಗ ನನ್ನ ಜಾಗಕ್ಕೆ ಯಾರು ಹೋಗ್ತಾರೆ ಅಂತ ಸಮಿತಿಯವರು ಕೇಳಲಿಲ್ಲ. ವಾಪಸು ಕಳಿಸಿದೆ. ನನ್ನ ಮಗಳು ನನ್ನನ್ನು ಅಕ್ಕೋರೇ ಅಂತಾಳೆ. ಇಷ್ಟೇ.”

ಸದಾಶಿವಪ್ಪನವರ ಮುಖ ಕೆಂಪಾಯಿತು. “ಅದು ಕನಿಕರದಿಂದ ಮಾಡಿದ್ದು ಕಣ್ರೀ.”

“ಒಂದೇ ಕಾಗದ ಬಂದಿತ್ತಾ ಅಕ್ಕೋರೆ?” ಅಂತ ಶಾಂತವೀರಪ್ಪ ಮಾಸ್ತರು.

“ಎರಡು. ಇನ್ನೊಂದು ರಾಜೀನಾಮೆ.”

“ಕನಿಕರ ಜೋಡಿ ಕಾಗದದಲ್ಲಿ ಬರೋದು ನಾ ಕಂಡಿರಲಿಲ್ಲ” ಅಂದರು ಮಾಸ್ತರು.

ಆಗ ಹಿಂದಿನಿಂದ ಕುರ್ಚಿ ಎಳೆದ ಸದ್ದು. ಹೂವಪ್ಪ ಮಾಸ್ತರು. ಸೊರಬದ ಹೋಟೆಲಿನ ಕಾಫಿ ಬಿಟ್ಟು ಒಂದು ದಿನ ಇರಲಾರದ ಮನುಷ್ಯ.

“ಹೂವಪ್ಪ ಅಂತ ಬರ್ಕಳಿ. ಚಂದ್ರಗುತ್ತಿ. ಮೂರು ವರ್ಷ ತಾನೆ, ಕಾಫಿಪುಡಿ ಕಟ್ಕಂಡು ಹೋಗ್ತೆ. ಎಂತಕೆ ಎಲ್ಲ ಹೀಗೆ ನೋಡ್ತ್ರಿ? ನಾ ಹೆಣ ಅಲ್ಲ.”

ಎಲ್ಲರೂ ನಕ್ಕರು. ನಗುವಿನ ಮರೆಯಲ್ಲಿ ಇನ್ನೂ ನಾಲ್ಕು ಕೈ ಮೇಲೆದ್ದವು. ಸದಾಶಿವಪ್ಪನವರು ಕನ್ನಡಕ ಹಾಕಿಕೊಂಡರು. ಕೊಟ್ಟ ಮಾತಿಗೆ ತಪ್ಪಲಿಲ್ಲ, ಅಷ್ಟು ಹೇಳಬೇಕು.

ಶುದ್ಧಪ್ರತಿ ಬರೆದವಳು ನಾನು. ಆರನೇ ಕಲಮಿಗೆ ಬಂದಾಗ ನೋಡಿಕೊಳ್ಳದೆ ಬರೆದೆ, ಬಾಯಿಪಾಠವಲ್ಲವೇ. ಹೊರಗೆ ಯಾರೋ ಜೈ ಅಂದರು. ಹೂವಪ್ಪ ಮಾಸ್ತರು ಎಲ್ಲರಿಗೂ ಕಾಫಿ ಕುಡಿಸಿದರು, ತಾವು ಮೂರು ಲೋಟ ಕುಡಿದರು.

ಜೈ ಅನ್ನುವಾಗ ನನಗೆ ನೆನಪಾದದ್ದು ಒಂದೇ. ರಾಜ ಸತ್ತಿದ್ದಾನೆ.

12-4-1958, ಶನಿವಾರ. ಚಂದ್ರಗುತ್ತಿ

ಕೊನೆಯ ಹಾಜರಿ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು. ಭಾಗಾಕಾರದವಳು ಒಂದು ಬುಟ್ಟಿ ಮುರುಗಲ ಹಣ್ಣು ತಂದಿದ್ದಳು.

ಗುಡ್ಡಮ್ಮ ಟ್ರಂಕು ಗಾಡಿಗೆ ಹಾಕಿದಳು. ಅಳಲಿಲ್ಲ, ಬೈದಳು. “ಆ ಹೂವಪ್ಪ ಮಾಸ್ತರಿಗೆ ದಿನಾ ಕಾಫಿ ಕಾಸೂಕೆ ನಾ ಇಲ್ಲ, ಹೇಳಿಬಿಡಿ.” ಗಾಡಿ ಇಳಿಜಾರಿಗೆ ಬಂದಾಗ ತಿರುಗಿ ನೋಡಿದೆ. ಬೀಗ ಹಾಕಿದ ಸ್ಕೂಲಿನ ಅಂಗಳ ಗುಡಿಸುತ್ತಿದ್ದಳು.

ಬೆಟ್ಟದಲ್ಲಿದ್ದಾಗ ಶಿಕಾರಿಪುರದ ಹಂಬಲ. ಈಗ ಗಾಡಿಯಲ್ಲಿ ಕೂತು ಎರಡರದ್ದೂ.

16-4-1958. ಶಿಕಾರಿಪುರ

ನಾಲ್ಕು ದಿನ. ಮಂಗಳಿ ಅಜ್ಜಿಯ ಪಕ್ಕ ಮಲಗುತ್ತಾಳೆ. ನನ್ನ ಟ್ರಂಕಿನ ಸುತ್ತ ತಿರುಗಿ ನೋಡಿದಳು. ಅತ್ತೆಯನ್ನು ಕೇಳಿದಳಂತೆ, “ಅಕ್ಕೋರು ಯಾವಾಗ ಹೋಗ್ತಾರೆ?”

ಹೋಗಲ್ಲ ಅಂದದ್ದಕ್ಕೆ ನಂಬಲಿಲ್ಲವಂತೆ.

19-4-1958. ಸಂಜೆ, ದೀಪ ಹಚ್ಚಿದ ಮೇಲೆ

ಅತ್ತೆ ಇವತ್ತು ಮಂಗಳಿಯ ಚಾಪೆಯನ್ನು ನನ್ನ ಚಾಪೆಯ ಪಕ್ಕಕ್ಕೆ ಹಾಸಿದರು. ತಾವು ಪಡಸಾಲೆಗೆ ಹೋದರು.

ಮಂಗಳಿ ಗೋಡೆ ಕಡೆ ತಿರುಗಿ ಮಲಗಿದಳು. ನಾನು ಬೆಕ್ಕನ್ನು ಕರೆದೆ. ಅದೂ ಬರಲಿಲ್ಲ. ಗೋಡೆಗೇ ಹೇಳಿದೆ.

ರಾಜ ಸತ್ತ ಅಂತ ಊರೆಲ್ಲ ಅಂದುಕೊಂಡರು. ಚಟ್ಟ ಕಟ್ಟಿದರು. ರಾಣಿ ದೂರದೂರಿನಲ್ಲಿದ್ದಳು, ಬರುವುದಕ್ಕೆ ಬಹಳ ತಡ ಆಯಿತು. ಬಂದವಳು ಅಳಲಿಲ್ಲ. ಒಲೆ ಹಚ್ಚಿ ಉಳಿದಿದ್ದ ಕಾಯಲ್ಲಿ ಸಾರಿಗೆ ಒಗ್ಗರಣೆ ಹಾಕಿದಳು. ಘಾಟು ಚಟ್ಟದ ತನಕ ಹೋಯಿತು…

ನಿಲ್ಲಿಸಿದೆ. ಹೂಂ ಬರಲಿಲ್ಲ. ಕಾದೆ. ಪಡಸಾಲೆಯಲ್ಲಿ ಅತ್ತೆಯ ಅಡಿಕೆಲೆ ಕುಟ್ಟುವ ಸದ್ದೂ ನಿಂತಿದೆ, ಅವರೂ ಕೇಳುತ್ತಿದ್ದಾರೆ. ಹೂಂ ಇಲ್ಲದೆ ಮುಂದೆ ಹೇಳಬಾರದು. ಅದಕ್ಕೇ ಪುಸ್ತಕ ತೆಗೆದು ಇದನ್ನು ಬರೆಯುತ್ತಾ ಕೂತಿದ್ದೇನೆ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು. ಈಗ ಬಸ್ಸು ಹಿಡಿಯಬೇಕಾಗಿಲ್ಲ. ಜೂನಿನಲ್ಲಿ ಸ್ಕೂಲು ಇದೇ ಬೀದಿಯ ಕೊನೆ. ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು, ಅಲ್ಲಿಯಾದರೂ ಅಕ್ಕೋರೇ ಅಂದರೆ ಸರಿಯಾಗುತ್ತದೆ, ನಗು ಬರುತ್ತ—

ಗೋಡೆ ಕಡೆಯಿಂದ: “ಸೀನಿದ್ನಾ?”

ತಿರುಗಿಲ್ಲ. ಕಾಲಿನ ಬೆರಳು ಮಾತ್ರ ಹೊದಿಕೆಯಿಂದ ಈಚೆ ಬಂದು ನನ್ನ ಚಾಪೆ ಮುಟ್ಟಿದೆ. ಲೇಖನಿ ಇಡುತ್ತೇ—