ಕೆಳಗಿನ ಕೋಣೆಯ ಗಾಳಿ

ಮಾರ್ಚ್ ೧೧, ಭಾನುವಾರ

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ಅಕ್ಕರೆಯ ಆಶೀರ್ವಾದ. ಹೊಸ ಮನೆಯ ಫೋಟೋ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಗುಂಡನ ತೊಟ್ಟಿಲು ನೆಲಮಾಳಿಗೆಯಲ್ಲಿರುವುದನ್ನು ಕಂಡಾಗಿನಿಂದ ಹೇಗೆ ಬರೆಯಲಿ ಎಂದೇ ತೋಚಲಿಲ್ಲ.

ನಾನೀಗ ಬೀದಿಗೆಲ್ಲ ‘ಡಬ್ಬಿ ಅಮ್ಮ’ ಆಗಿಬಿಟ್ಟಿದ್ದೇನೆ. ಅಪ್ಪ ಹೋದ ಮೇಲೆ ಆರೋಗ್ಯ ಕೇಂದ್ರದ ನರ್ಸ್ ಬಂದು, ಅವರು ಆಯುಷ್ಯವೆಲ್ಲ ಕೂತು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ ಕೆಳಗಿನ ಕೋಣೆಯಲ್ಲಿ ಒಂದು ಪುಟ್ಟ ಡಬ್ಬಿ ಇಟ್ಟರು. ರೇಡಾನ್ ಎಂಬ ಅನಿಲವನ್ನು ಅಳೆಯುವುದಕ್ಕಂತೆ. ಅದು ಮಣ್ಣು, ಬಂಡೆಗಳಿಂದ ಹೊಮ್ಮಿ, ನೆಲದ ಬಿರುಕಿನಲ್ಲಿ ನುಸುಳಿ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ನಮ್ಮಲ್ಲಿ ಮಿತಿ ಮೀರಿತ್ತು. “ಅವರ ಕಾಯಿಲೆಗೆ ಇದೇ ಕಾರಣ ಅಂತ ಆಣೆ ಮಾಡಿ ಹೇಳೋಕಾಗಲ್ಲಮ್ಮಾ. ಆದ್ರೆ ಅಕ್ಕಪಕ್ಕದವರಿಗೆ ಹೇಳಿ” ಎಂದರು ನರ್ಸ್. ಅಂದಿನಿಂದ ಡಬ್ಬಿ ಹಿಡಿದು ಮನೆಮನೆಗೂ ಹೋಗಿ ಹೇಳುತ್ತಲೇ ಇದ್ದೇನೆ.

ಎದುರುಮನೆಯ ಬಡಗಿ ಮಾವ ಮಲಗುವುದೂ ನೆಲಮಾಳಿಗೆಯಲ್ಲೇ. ನನ್ನ ಮಾತು ಕೇಳಿ ನಕ್ಕೇಬಿಟ್ಟರು. “ಕಣ್ಣಿಗೆ ಕಾಣಲ್ಲ, ಮೂಗಿಗೆ ಬಡಿಯಲ್ಲ, ಅದಕ್ಕೆ ನಾನು ಹೆದರಬೇಕಾ?”

ಅವರ ಹೆಂಡತಿ ಒಳಗಿನಿಂದಲೇ, “ಇಟ್ಟು ಹೋಗಮ್ಮಾ. ಇವರ ಗೊರಕೆ ತಡ್ಕೊಂಡಿರೋ ಕೋಣೆ ಒಂದು ಡಬ್ಬಿ ತಡ್ಕೊಳ್ಳಲ್ವಾ?” ಎಂದರು.

ಫಲಿತಾಂಶ ಬಂದಾಗ ಅಲ್ಲೂ ಮಿತಿ ಮೀರಿತ್ತು. ಮೊಮ್ಮಕ್ಕಳು ಆಡುವುದೂ ಅದೇ ಕೋಣೆಯಲ್ಲಿ. ಅಂದೇ ಮಂಚ ಮೇಲಕ್ಕೆ ಹೋಯಿತು. ಆಮೇಲೆ ಕೆಲಸದವರು ಬಂದು ಬಿರುಕು ಮುಚ್ಚಿ, ನೆಲದಡಿಯಿಂದ ಸೂರಿನ ಮೇಲಕ್ಕೆ ಕೊಳವೆ ಹಾಯಿಸಿ, ಫ್ಯಾನ್ ಕೂರಿಸಿದರು. ಮತ್ತೆ ಅಳೆದಾಗ ಇಳಿದಿತ್ತು. ಈಗ ನನಗಿಂತ ಮುಂಚೆ ಮಾವನೇ ಬಾಗಿಲು ಬಡಿಯುತ್ತಾರೆ; ಯಾರಾದರೂ ನಕ್ಕರೆ, “ನಾನೂ ನಕ್ಕೋನೇ. ಮೊದ್ಲು ಡಬ್ಬಿ ಇಡಿ” ಎನ್ನುತ್ತಾರೆ.

ಹೆದರಬೇಡ ಪುಟ್ಟಿ. ಎಲ್ಲ ಮನೆಯಲ್ಲೂ ಅಷ್ಟು ಇರುವುದಿಲ್ಲ. ಆದರೆ ಅಳೆಯದೆ ತಿಳಿಯುವುದಿಲ್ಲ, ತಿಳಿದರೆ ಸರಿಪಡಿಸಬಹುದು. ಪಾರ್ಸೆಲ್‌ನಲ್ಲಿ ಡಬ್ಬಿ ಕಳಿಸಿದ್ದೇನೆ. ಅಳಿಯಂದಿರು ನಗುವುದಾದರೆ ನಗಲಿ, ತೊಟ್ಟಿಲು ಮಾತ್ರ ಇಂದೇ ಮೇಲಕ್ಕೆ ಬರಲಿ. ಗುಂಡನ ಕೆನ್ನೆಗೆ ಅಜ್ಜಿಯ ಮುತ್ತು. ಮೂವರೂ ನೂರುಕಾಲ ತಣ್ಣಗೆ ಬಾಳಿ.

ನಿನ್ನ
ಅಮ್ಮ

ತಾ.ಕ.: ಅಪ್ಪ ಸಿಗರೇಟು ಮುಟ್ಟಿದವರಲ್ಲ, ನಿನಗೆ ಗೊತ್ತು. ಆದರೆ ಆಸ್ಪತ್ರೆಗೆ ನೋಡಲು ಬಂದವರೆಲ್ಲ “ಎಷ್ಟು ಸೇದ್ತಿದ್ರಿ?” ಎಂದೇ ಕೇಳುತ್ತಿದ್ದರು. ಕೊನೆಕೊನೆಗೆ ಅವರು ಉತ್ತರ ಕೊಡುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, “ಕದ್ದುಮುಚ್ಚಿಯೂ ಸೇದಿಲ್ಲ ಕಣೇ. ನೀನಾದ್ರೂ ನಂಬ್ತೀಯಲ್ಲ?” ಎಂದರು. ನಂಬ್ತೀನಿ ಎಂದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದವಳನ್ನೂ ಅವರು ಕೇಳಬೇಕಾಯಿತಲ್ಲ, ಪುಟ್ಟಿ.