ಗ್ಯಾಲರಿಯಲ್ಲಿ ಕುಸುರೆಳ್ಳು

ಜನವರಿ ೪, ಭಾನುವಾರ, ಸಂಜೆ

ಮತ್ತೆ ಗ್ಯಾಲರಿ. ಮಗಳು ಮದುವೆಯಾಗಿ ಹೋದ ಮೇಲೆ ಮಂದಾಕಿನಿ ಆರ್ಟ್ ಕ್ಲಾಸ್ ಸೇರಿದ್ದಾಳೆ. ಅಂದಿನಿಂದ ಪಣಜಿಯ ಯಾವ ಗೋಡೆಗೆ ಏನು ತೂಗುಹಾಕಿದರೂ ನಾವು ಹಾಜರು. ಹೆಂಡತಿ ಮುಂದೆ, ಗಂಡ ಹಿಂದೆ, ಕೈಯಲ್ಲಿ ಅವಳ ನೀರಿನ ಬಾಟಲಿ.

ಇವತ್ತು ಒಂದು ಹಾಲ್ ತುಂಬ ಹಳೆಯ ಬಾಗಿಲುಗಳು. ಬಾಗಿಲು ಮಾತ್ರ, ಮನೆ ಇಲ್ಲ. ಒಂದರ ಎದುರು ಬಹಳ ಹೊತ್ತು ನಿಂತಿದ್ದೆ. ಮಂದಾಕಿನಿಗೆ ಖುಷಿಯೋ ಖುಷಿ.

"ಏನ ಅನಸ್ತದರಿ ಇದನ್ನ ನೋಡಿ?"

"ಒಳಗಿದ್ದವರು ಲಗೂನ ಹೊರಗ ಬಂದ್ರ ಸಾಕು ಅನಸ್ತದ."

ಅದೊಂದು ಮಾತ್ರ ಪ್ರದರ್ಶನದ್ದಲ್ಲ, ಗ್ಯಾಲರಿಯ ಟಾಯ್ಲೆಟ್ಟಿನ ಬಾಗಿಲು.

ಅವಳು ನಗಲಿಲ್ಲ. ಮನೆಗೆ ಮರಳುವಾಗ ಪರ್ವರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮೆಲ್ಲಗೆ ಅಂದಳು — "ನಿಮಗ ನೋಡ್ಲಿಕ್ಕೆ ಬರೂದಿಲ್ಲ. ಬರೇ ನಗ್ಲಿಕ್ಕೆ ಬರ್ತದ."

ಜನವರಿ ೭, ಬುಧವಾರ

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: ಶನಿವಾರದಿಂದ ಕ್ಲಾಸಿನವರದೇ ಪ್ರದರ್ಶನ. "ನಂದೂ ಒಂದು ಅದ."

ಛಲೋ ಆತು ಅನ್ನಬೇಕಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಮಾರಾಟ ಆಗ್ಲಿಲ್ಲಂದ್ರ ಚಿಂತಿ ಬ್ಯಾಡ. ಬೀರೂ ಹಿಂದ ಜಾಗಾ ಅದ" ಅಂದೆ.

ಸಾರಿನ ಪಾತ್ರೆ ಟಣ್ ಅಂತ ಕೆಳಗಿಟ್ಟಳು. ಆಮೇಲೆ ಮಾತಿಲ್ಲ.

ಜನವರಿ ೧೦, ಶನಿವಾರ

ಈಗಲೂ ಮಾತಿಲ್ಲ. ಎಲ್ಲ ವ್ಯವಹಾರ ಪಾತ್ರೆ ತೊಳೆಯುವ ದೇವಿಬಾಯಿಯ ಮೂಲಕ. ನಾನು ಅಲ್ಲೇ ನಿಂತಿದ್ದೇನೆ, ಮಂದಾಕಿನಿ ಅವಳಿಗೆ ಹೇಳುತ್ತಾಳೆ — "ಹಾಲು ಮುಗದದ ಅಂತ ಸಾಹೇಬರಿಗೆ ಹೇಳು." ದೇವಿಬಾಯಿ ಸಾಬೂನಿನ ಕೈ ಎತ್ತಿ, "ಹಾಲ ಮುಗದೈತಂತ್ರಿ." ನಾನು, "ತರತೇನಿ ಅಂತ ಹೇಳು." ಕೊನೆಗೆ ಅವಳಿಗೇ ರೇಗಿತು. "ಯಕ್ಕಾ, ನೀವ ನೀವ ಮಾತಾಡ್ಕೋರಿ. ನನ್ನ ಭಾಂಡಿ ಹಂಗ ಬಿದ್ದಾವು."

ಸಂಜೆ ಉದ್ಘಾಟನೆಗೆ ಮಂದಾಕಿನಿ ಒಬ್ಬಳೇ ಹೋದಳು. ಬರ್ರಿ ಅನ್ನಲಿಲ್ಲ. ಬೆಳಗಿನ ತಣ್ಣನೆಯ ಉಪ್ಪಿಟ್ಟು ತಿಂದು ಕೂತೆ. ಕೆಟ್ಟದೆನಿಸಿತು. ಬಹಳ ಕೆಟ್ಟದೆನಿಸಿತು.

ಜನವರಿ ೧೪, ಸಂಕ್ರಾಂತಿ, ಸಂಜೆ

ಎಂಥಾ ದಿನ! ಕ್ರಮವಾಗಿ ಬರೆಯುತ್ತೇನೆ.

ಉಪಾಯ ಹೀಗಿತ್ತು: ಅರ್ಧ ದಿನ ರಜೆ, ಅವಳಿಗೆ ತಿಳಿಯದಂತೆ ಗ್ಯಾಲರಿಗೆ ಹೋಗುವುದು, ಅವಳ ಚಿತ್ರ ನೋಡುವುದು, ಮನೆಗೆ ಬಂದು ಗಂಭೀರವಾಗಿ ಹೊಗಳುವುದು. ಯೂಟ್ಯೂಬ್ ನೋಡಿ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಒಂದರಲ್ಲಿ 'ಅವಕಾಶ' ಇತ್ತು, ಇನ್ನೊಂದರಲ್ಲಿ 'ಲಯ'.

ಹಳೆಯ ಹೆಂಚಿನ ಮನೆಯೇ ಗ್ಯಾಲರಿ. ಗೋಡೆ ಗೋಡೆ ನೋಡುತ್ತ ಸುತ್ತಿದೆ. ಮೀನು, ಚರ್ಚು, ದೋಣಿ, ಮತ್ತೆ ಮೀನು. ಮಂದಾಕಿನಿಯ ಹೆಸರು ಎಲ್ಲೂ ಇಲ್ಲ. ತೆಗೆದುಬಿಟ್ಟರೇ? ಮತ್ತೊಂದು ಸುತ್ತು ಹೊರಟೆ.

ಆಗ ಕಂಡಿತು. ನಡುಮನೆಯಲ್ಲಿ ತಗ್ಗಿನ ಮೇಜು, ಅದರ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ತುಂಬ ಕುಸುರೆಳ್ಳು! ಎಳ್ಳಿಗೆ ಸಕ್ಕರೆ ಪಾಕ ಹಿಡಿದು ಬೆಳ್ಳಗೆ, ಮುಳ್ಳುಮುಳ್ಳಾಗಿ, ನಮ್ಮ ಧಾರವಾಡದಲ್ಲಿ ಮಾಡುವಂಥದ್ದೇ. ಗೋವಾದ ಈ ಹಸಿ ಹವೆಯಲ್ಲಿ ಮುಳ್ಳು ಬರುವುದಿಲ್ಲ ಎಂದು ಮಂದಾಕಿನಿ ಮಾಡುವುದನ್ನೇ ಬಿಟ್ಟಿದ್ದಳು. ಪುಣ್ಯಾತ್ಮರು ಯಾರೋ ಹಬ್ಬ ನೆನಪಿಟ್ಟು ಬಂದವರಿಗೆಲ್ಲ ಇಟ್ಟಿದ್ದಾರೆ. ಒಂದು ಮುಷ್ಟಿ ತೆಗೆದುಕೊಂಡೆ.

ಗಾರ್ಡ್ ಓಡಿ ಬಂದ. ಭರಮಪ್ಪ, ವಿಜಯಪುರದ ಕಡೆಯವ. "ಸಾಹೇಬ್ರ, ಅದನ್ನ ಮುಟ್ಟಬಾರ್ದಂತ ಹೇಳ್ಯಾರ್ರಿ."

"ಹಬ್ಬದ ದಿವಸ ಬ್ಯಾಡ ಅನಬಾರದಪಾ. ಹಿಡಿ ಕೈ. ಕುಸುರೆಳ್ಳು ತಗೋ, ಛಲೋ ಮಾತಾಡು."

ಕೊಟ್ಟದ್ದನ್ನು ಹೇಗೆ ಬೇಡವೆನ್ನುತ್ತಾನೆ? ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಅದನ್ನು ನೋಡಿ ಕೊಂಕಣಿ ಹೆಂಗಸರ ಗುಂಪೊಂದು ಬಂತು. ಅವರಲ್ಲೂ ಇದೇ ಪದ್ಧತಿ, ಇದೇ ಮಾತು. "ತೀಳಗೂಳ ಘೆಯಾತ, ಗೋಡ ಉಲಯಾತ" ಅನ್ನುತ್ತ ಅವರೂ ತೆಗೆದುಕೊಂಡು ನನಗೂ ಕೊಟ್ಟರು. ಆಮೇಲೆ ಬಿಳಿಯ ದಂಪತಿ. ಆಮೇಲೆ ಒಂದು ಕಾಲೇಜಿನ ಹಿಂಡು. ನಾನೇ ಯಜಮಾನನಂತೆ ಎರಡೂ ಕೈಯಿಂದ ಹಂಚುತ್ತಿದ್ದೆ. ಗ್ಯಾಲರಿಯಲ್ಲಿ ಅಷ್ಟು ಸಂತೋಷ ಎಂದೂ ಪಟ್ಟಿರಲಿಲ್ಲ.

ಯಾರೋ ರುಚಿ ಹೊಗಳಿದರು. ನಾನು ದೊಡ್ಡ ತಜ್ಞ. ಭರಮಪ್ಪನ ಕಡೆ ತಿರುಗಿ, "ಪಾಕ ಒಂಚೂರು ಹೆಚ್ಚಾಗ್ಯದ. ನಮ್ಮ ಮನ್ಯಾಗ ಇದಕ್ಕಿಂತ ಛಲೋ ಮಾಡ್ತಿದ್ರು" ಅಂದೆ.

"ಯಾರ ಮನ್ಯಾಗ?"

ಮಂದಾಕಿನಿ. ಪಕ್ಕದಲ್ಲಿ ಅವಳ ಟೀಚರ್ ಸುಮೇಧಾ, ಬಾಯಿ ಮೇಲೆ ಕೈ. ಇಷ್ಟು ದಿನದ ಮೇಲೆ ಹೆಂಡತಿ ನನ್ನೊಡನೆ ಆಡಿದ ಮೊದಲ ಮಾತು.

ಮೇಜಿನ ಕಾಲ ಹತ್ತಿರ ಚೀಟಿ ಇತ್ತು. ಮಂದಾಕಿನಿ ಕಮಲಾಕರ ದೇಶಪಾಂಡೆ. ಸೀರೆ, ಎಳ್ಳು, ಸಕ್ಕರೆ. ಚಿತ್ರ ಅಂದರೆ ಗೋಡೆಯ ಮೇಲೇ ಇರಬೇಕು ಎಂದುಕೊಂಡವನು ಕೆಳಗೆ ನೋಡುವುದುಂಟೆ!

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬರಿದಾದ ಮೇಜು ನೋಡಿ ಅಂದಳು — "ತಿಂದದ್ದಕ್ಕ ಸಿಟ್ಟಿಲ್ಲ. ಹಬ್ಬ, ಎಲ್ಲಾರೂ ತಿಂದ್ರು. ಆದ್ರ ಸೀರಿ? ಲಗ್ನ ಆದ ವರ್ಷ, ಮೊದಲನೇ ಸಂಕ್ರಾಂತಿಗೆ, ನೀವ ಆರಿಸಿ ತಂದ ಸೀರಿ. ಅದೂ ಗುರ್ತ ಸಿಗ್ಲಿಲ್ಲೇನು?"

ಬಾಯಿಪಾಠ ಮಾಡಿದ ಎರಡೂ ವಾಕ್ಯ ಮರೆತುಹೋದವು. ಬಗ್ಗಿ, ನೆಲದ ಮೇಲೆ ಉದುರಿದ್ದ ಕಾಳುಗಳನ್ನು ಆರಿಸತೊಡಗಿದೆ.

ಜನವರಿ ೧೬, ಶುಕ್ರವಾರ

ಪ್ರದರ್ಶನ ಭಾನುವಾರದವರೆಗೆ. ಖಾಲಿ ಮೇಜು ಇಡುವಂತಿಲ್ಲ. ನಿನ್ನೆಯಿಂದ ಆಫೀಸಿಗೆ ರಜೆ, ಸುಮೇಧಾ ಅವರ ಮನೆಯಲ್ಲಿ ಹೊಸ ಕುಸುರೆಳ್ಳು ಮಾಡುವ ಕೆಲಸ. ಎ.ಸಿ. ಹಾಕಿಕೊಂಡು ಒಲೆ ಹೊತ್ತಿಸುವವರನ್ನು ಜೀವಮಾನದಲ್ಲೇ ಮೊದಲು ಕಂಡೆ. ಆ ಒಣ ಗಾಳಿಯಲ್ಲೇ ಮುಳ್ಳು ಬರುತ್ತದಂತೆ. ಮಂದಾಕಿನಿ ಚಮಚೆಯಿಂದ ಪಾಕ ಬಿಡುತ್ತಾಳೆ, ನಾನು ತಟ್ಟೆಯಂಥ ಬಿಸಿ ಪರಾತದಲ್ಲಿ ಎಳ್ಳಿನ ಮೇಲೆ ಬೆರಳಾಡಿಸುತ್ತೇನೆ.

"ತಿಕ್ಕಬ್ಯಾಡ್ರಿ. ಆಡಸ್ರಿ."

"ಸುಡ್ತದ."

"ಸುಡೂದಽ ಅದು."

ಡಿಸೆಂಬರ್ ಪೂರ್ತಿ ಇಲ್ಲಿ ಕೂತು ಮಾಡಿದ್ದಾಳೆ. ಮನೆಯಲ್ಲಿ ಬೆರಳಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ, "ಏನ, ಕ್ಲಾಸಿನ್ಯಾಗ ಬಣ್ಣಕ್ಕ ಮೆಣಸಿನಕಾಯಿ ಹಾಕ್ತೀರೇನು?" ಎಂದು ಕೇಳಿದ್ದೆ. ನಾಚಿಕೆಯಾಯಿತು. ನನ್ನ ಮೊದಲ ಪರಾತದಲ್ಲಿ ಮುಳ್ಳೇ ಬರಲಿಲ್ಲ. ಅವಳು ಮಾತಾಡುತ್ತಿದ್ದಾಳೆ, ಆದರೆ ಕೆಲಸಕ್ಕೆ ಬೇಕಾದಷ್ಟೇ.

ಜನವರಿ ೧೮, ಭಾನುವಾರ, ಗ್ಯಾಲರಿಯಲ್ಲೇ

ಕೊನೆಯ ದಿನ. ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ಯಾರಾದರೂ ಕೈ ಚಾಚಿದರೆ ಹೂಂಕರಿಸುತ್ತೇನೆ. "ನನ್ನ ನೌಕರಿ ನೀವ ಮಾಡಾಕತ್ತೀರಲ್ರಿ" ಎಂದು ಭರಮಪ್ಪ ಚಹಾಕ್ಕೆ ಹೋದ.

ಬೇರೆ ಕೆಲಸವಿಲ್ಲ. ನೋಡುತ್ತ ಕೂತೆ. ಕಪ್ಪು ಸೀರೆಯ ಮೇಲೆ ಬಿಳಿ ಸಾಲುಗಳು, ಸಂಜೆ ಸೇತುವೆಯಿಂದ ಕಾಣುವ ಮಾಂಡವಿ ಹೊಳೆಯ ತೆರೆಗಳಂತೆ. ನೋಡುತ್ತ ನೋಡುತ್ತ ಸೆರಗಿನ ಹತ್ತಿರ ಕಣ್ಣು ನಿಂತಿತು. ಅಂಗೈಯಷ್ಟು ಜಾಗ ಖಾಲಿ. ಅಲ್ಲಿ ಹರಿದದ್ದನ್ನು ಹೊಲಿದ ರಫೂ.

ಮಂದಾಕಿನಿ ಬಂದಳು. "ಏನ ಬರೀಲಿಕ್ಕತ್ತೀರಿ?"

"ಮ್ಹಾಪಸಾ ಸಂತ್ಯಾಗ ಸ್ಕೂಟರಿನ ಗಾಲಿಗೆ ಸಿಕ್ಕು ಹರದಿತ್ತಲ್ಲ, ಇದಽ ಹೌದಲ್ಲೋ? ಸುತ್ತಲೂ ತುಂಬಿದಿ, ಇಲ್ಲೆ ಮಾತ್ರ ಒಂದು ಕಾಳೂ ಇಟ್ಟಿಲ್ಲ ನೀ. ಯಾಕ?"

ನನ್ನ ಮುಖ ನೋಡಿದಳು. ನಗುತ್ತೇನೋ ಎಂದು ಕಾದಳೋ ಏನೋ. ನಾನು ನಗಲಿಲ್ಲ. ಇನ್ನೊಂದು ಸ್ಟೂಲ್ ಎಳೆದುಕೊಂಡು ಕೂತಿದ್ದಾಳೆ.

"ಇಷ್ಟು ಮಂದಿ ಬಂದ್ರು, ಯಾರೂ ಕೇಳ್ಲಿಲ್ಲ" ಅನ್ನುತ್ತಾಳೆ. "ಹೇಳ್ತೇನಿ. ಮೊದಲ ಆ ಡೈರಿ ಮುಚ್ಚ—